ಮೀನಿನ ತೊಟ್ಟಿಯ ಮುಂದೆ ಯಾವ ಕ್ಯಾಮೆರಾ, ಎಂಥ ಬೆಳಕು?

ಅಕ್ವೇರಿಯಂ ಇಟ್ಟವರು ಫೋಟೋ ವಿಷಯಕ್ಕೆ ಬಂದರೆ ಮೊದಲು ಕೇಳುವುದು "ಯಾವ ಕ್ಯಾಮೆರಾ ತಗೊಳ್ಳಲಿ?" ಅಂತ. ಫೋನಿನಲ್ಲಿ ತೆಗೆದರೆ ಮೀನು ಒಂದು ಬಣ್ಣದ ಗೀಟಾಗಿ ಬಂದಿರುತ್ತದೆ. ಗಾಜಿನಲ್ಲಿ ಅವರದೇ ಮುಖ ಕಾಣುತ್ತಿರುತ್ತದೆ. ಕಡುಗೆಂಪು ಮೀನು ಕಂದಾಗಿರುತ್ತದೆ. ಕ್ಯಾಮೆರಾ ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನಿಸುವುದು ಸಹಜ ಅಲ್ವಾ? ಆದರೆ ಈ ಮೂರೂ ಬೆಳಕಿನ ಸಮಸ್ಯೆಗಳು. ಮೊದಲನೆಯದರಲ್ಲಿ ಬೆಳಕು ಸಾಲದು, ಎರಡನೆಯದರಲ್ಲಿ ಬೇಡದ ಕಡೆ ಇದೆ, ಮೂರನೆಯದರಲ್ಲಿ ಅದರ ಗುಣ ಚೆನ್ನಾಗಿಲ್ಲ. ಹಾಗಾಗಿ ನನ್ನ ಲೆಕ್ಕ ಹೀಗಿದೆ: ದುಡ್ಡು ಮೊದಲು ಬೆಳಕಿಗೆ, ಆಮೇಲೆ ಲೆನ್ಸಿಗೆ, ಉಳಿದರೆ ಕ್ಯಾಮೆರಾಕ್ಕೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಒಪ್ಪುವುದು ಬಿಡುವುದು ನಿಮ್ಮ ತೊಟ್ಟಿಯನ್ನು ನೋಡಿ.

ಮೊದಲು ಮೀನನ್ನು ನೋಡಿ

ಆಯ್ಕೆಗೆ ಕೂರುವ ಮುಂಚೆ ನಾಲ್ಕು ವಿಷಯ ಗೊತ್ತಿರಬೇಕು.

ಮೀನು ಎಷ್ಟು ಉದ್ದ? ನಿಯಾನ್ ಟೆಟ್ರಾ ಸುಮಾರು 3 ಸೆಂ.ಮೀ. ಚೆನ್ನಾಗಿ ಬೆಳೆದ ಏಂಜೆಲ್ ಅಥವಾ ಗೋಲ್ಡ್‌ಫಿಶ್ 12 ಸೆಂ.ಮೀ. ದಾಟುತ್ತದೆ. ಮೀನು ಚಿತ್ರದ ಅಗಲದ ಮೂರನೇ ಎರಡು ಭಾಗ ತುಂಬಬೇಕು ಅಂದುಕೊಳ್ಳಿ. ಕ್ಯಾಮೆರಾದೊಳಗೆ ಚಿತ್ರ ಮೂಡುವ ಚಿಪ್ಪೇ ಸೆನ್ಸರ್. ಅದರಲ್ಲಿ ಎಪಿಎಸ್-ಸಿ ಅನ್ನುವ ಮಧ್ಯಮ ಅಳತೆಯದರ ಅಗಲ ಸುಮಾರು 23.5 ಮಿ.ಮೀ. ನಿಯಾನ್ ಅಷ್ಟು ತುಂಬಬೇಕಾದರೆ ಲೆನ್ಸ್ ಅದರ ನಿಜವಾದ ಗಾತ್ರದ ಅರ್ಧದಷ್ಟನ್ನು ಸೆನ್ಸರ್ ಮೇಲೆ ಮೂಡಿಸಬೇಕು. ಅದು ಮ್ಯಾಕ್ರೋ ಲೆನ್ಸಿನ ಕೆಲಸ. ಅದೇ 12 ಸೆಂ.ಮೀ. ಏಂಜೆಲ್‌ಗೆ ಎಂಟನೇ ಒಂದು ಭಾಗ ಸಾಕು. ಕ್ಯಾಮೆರಾದ ಜೊತೆ ಬರುವ 18-55 ಕಿಟ್ ಲೆನ್ಸ್ ಇದನ್ನು ಆರಾಮಾಗಿ ಮಾಡುತ್ತದೆ. ದೊಡ್ಡ ಮೀನು ಸಾಕುವವರು ಸುಮ್ನೆ ಮ್ಯಾಕ್ರೋ ಲೆನ್ಸಿಗೆ ದುಡ್ಡು ಸುರಿಯುವುದನ್ನು ನೋಡಿದರೆ ಬೇಜಾರಾಗುತ್ತದೆ.

ಮೀನು ಎಷ್ಟು ಚುರುಕು? ಡಿಸ್ಕಸ್, ಏಂಜೆಲ್, ರೆಕ್ಕೆ ಬಿಚ್ಚಿ ನಿಂತ ಬೆಟ್ಟಾ ಇವಕ್ಕೆ 1/125 ಸೆಕೆಂಡ್ ಶಟರ್ (ಸೆನ್ಸರ್ ಮೇಲೆ ಬೆಳಕು ಬೀಳುವ ಹೊತ್ತು) ಹೆಚ್ಚುಕಮ್ಮಿ ನಡೆಯುತ್ತದೆ. ಡೇನಿಯೋ, ರೈನ್‌ಬೋ ಮೀನುಗಳಿಗೆ 1/500 ಇಟ್ಟರೂ ಕೆಲವೊಮ್ಮೆ ಸಾಲದು.

ತೊಟ್ಟಿಯ ದೀಪ ಬಿಳಿಯೋ ನೀಲಿಯೋ? ಗಿಡ ಬೆಳೆಸುವ ಸಿಹಿನೀರಿನ ತೊಟ್ಟಿಯಲ್ಲಿ ಸಾಮಾನ್ಯವಾಗಿ 6500 ಕೆಲ್ವಿನ್ ಆಸುಪಾಸಿನ ಬಿಳಿ ಬೆಳಕಿರುತ್ತದೆ. ಕೆಲ್ವಿನ್ ಅನ್ನುವುದು ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಏರಿದಷ್ಟೂ ನೀಲಿ. ಹವಳ ಇರುವ ಉಪ್ಪುನೀರಿನ ತೊಟ್ಟಿಯಲ್ಲಿ 10000ದಿಂದ 20000 ಕೆಲ್ವಿನ್‌ವರೆಗಿನ ನೀಲಿ. ಇವೆರಡರ ದಾರಿಯೇ ಬೇರೆ.

ಕೊನೆಯದಾಗಿ, ಫೋಟೋ ಎಲ್ಲಿ ಕಾಣಬೇಕು? ಫೋನಿನ ಪರದೆ ಮೇಲೋ, ಗೋಡೆ ಮೇಲೋ, ಅಥವಾ ಮರಿ ಮಾರುವಾಗ ಕೊಳ್ಳುವವರಿಗೆ ತೋರಿಸಲಿಕ್ಕೋ? ವಿಡಿಯೋ ಬೇಕಾ? ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿದರೆ ಅರ್ಧ ಖರ್ಚು ತಾನೇ ತಪ್ಪುತ್ತದೆ.

ಬೆಳಕು: ಮೂರು ದಾರಿ

ತೊಟ್ಟಿಯಲ್ಲಿ ಈಗಾಗಲೇ ಇರುವ ದೀಪ, ಹೊರಗಿನಿಂದ ತಂದ ಎಲ್‌ಇಡಿ ಪ್ಯಾನೆಲ್, ಫ್ಲಾಶ್. ಇಷ್ಟೇ ಆಯ್ಕೆಗಳು.

ತೊಟ್ಟಿಯ ದೀಪ ನಮ್ಮ ಕಣ್ಣಿಗೆ ಝಗಝಗ ಅನ್ನುತ್ತದೆ. ಕ್ಯಾಮೆರಾಕ್ಕೆ ಅದು ಮಬ್ಬು ಬೆಳಕು. ಸಾಧಾರಣ ತೊಟ್ಟಿಯಲ್ಲಿ ಎಫ್/4 (ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ಏರಿದಷ್ಟೂ ಕಿಂಡಿ ಚಿಕ್ಕದು), 1/125 ಸೆಕೆಂಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600 ಇಟ್ಟಾಗ ಸರಿಯಾದ ಚಿತ್ರ ಬಂತು ಅಂತಿಟ್ಟುಕೊಳ್ಳಿ. ಮೀನಿನ ಕಣ್ಣು, ಕಿವಿರಿನ ಮುಚ್ಚಳ, ರೆಕ್ಕೆ ಎಲ್ಲ ಫೋಕಸ್‌ನಲ್ಲಿ ಬರಲು ಎಫ್/8 ಬೇಕು. ಈಜು ನಿಲ್ಲಿಸಲು 1/500 ಬೇಕು. ಎರಡೂ ಸೇರಿದರೆ 16 ಪಟ್ಟು ಜಾಸ್ತಿ ಬೆಳಕು ಬೇಕಾಯಿತು. ಇಲ್ಲದಿದ್ದರೆ ಐಎಸ್‌ಒ 25600ಕ್ಕೆ ಏರಬೇಕು. ಅಲ್ಲಿ ಹುರುಪೆಗಳೆಲ್ಲ ಕರಗಿ ನಾಯ್ಸ್, ಅಂದರೆ ಮರಳು ಮರಳಾದ ಚುಕ್ಕೆಗಳು ಮಾತ್ರ ಉಳಿಯುತ್ತವೆ. ಇಷ್ಟಾದರೂ ಈ ದಾರಿಗೆ ಖರ್ಚಿಲ್ಲ, ಮೀನಿಗೆ ಹೊಸ ಗಾಬರಿಯಿಲ್ಲ. ನಿಧಾನದ ಮೀನು, ಇಡೀ ತೊಟ್ಟಿಯ ನೋಟ, ವಿಡಿಯೋ ಇಷ್ಟಕ್ಕೆ ಇದೇ ಸಾಕು. ಫೋಟೋ ತೆಗೆಯುವ ಹೊತ್ತಿಗೆ ಡಿಮ್ಮರ್ ಪೂರ್ತಿ ಏರಿಸಿ. ದೀಪವನ್ನು ಮುಂದಿನ ಗಾಜಿನ ಕಡೆಗೆ ಸ್ವಲ್ಪ ಸರಿಸಿ. ಇಲ್ಲದಿದ್ದರೆ ಬೆನ್ನು ಬೆಳಗಿ, ನಮ್ಮ ಕಡೆಯ ಮೈ ಕಪ್ಪಾಗುತ್ತದೆ.

ಡಿಮ್ಮರ್ ಏರಿಸಬೇಕಾದ್ದಕ್ಕೆ ಇನ್ನೊಂದು ಕಾರಣವಿದೆ. ಎಷ್ಟೋ ಎಲ್‌ಇಡಿಗಳು ಬೆಳಕು ತಗ್ಗಿಸುವುದೇ ಕಣ್ಣಿಗೆ ಕಾಣದಷ್ಟು ವೇಗವಾಗಿ ಹತ್ತಿ ಆರಿ. ಫೋನಿನ ಪ್ರೊ ಮೋಡ್‌ನಲ್ಲಿ 1/1000 ಶಟರ್ ಇಟ್ಟು ದೀಪದ ಕಡೆ ಹಿಡಿಯಿರಿ. ಪರದೆಯಲ್ಲಿ ಅಡ್ಡಪಟ್ಟೆಗಳು ಓಡಿದರೆ ನಿಮ್ಮ ದೀಪ ಆ ಜಾತಿಯದು. ಹೊಸ ದೀಪ ಕೊಳ್ಳುವಾಗಲೂ ಈ ಪರೀಕ್ಷೆ ಮಾಡಿ, ಅರ್ಧ ನಿಮಿಷದ ಕೆಲಸ.

ಎಲ್‌ಇಡಿ ಪ್ಯಾನೆಲ್ ಎರಡನೆಯ ದಾರಿ. ವಿಡಿಯೋಗೆಂದೇ ಮಾಡಿದ, ಬ್ಯಾಟರಿ ಹಾಕುವ ಚಿಕ್ಕ ಪ್ಯಾನೆಲ್‌ಗಳು ಸಿಗುತ್ತವೆ. ಇದರ ದೊಡ್ಡ ಅನುಕೂಲ ಅಂದರೆ ನೆರಳು ಎಲ್ಲಿ ಬೀಳುತ್ತದೆ ಅನ್ನುವುದು ಕ್ಲಿಕ್ ಮಾಡುವ ಮೊದಲೇ ಕಾಣುತ್ತದೆ. ಕೊಳ್ಳುವಾಗ ವ್ಯಾಟ್ ನೋಡುವ ಮುಂಚೆ ಸಿಆರ್‌ಐ ನೋಡಿ, ಅಂದರೆ ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕ. 90ಕ್ಕಿಂತ ಜಾಸ್ತಿ ಇರಬೇಕು. ಅದು ಕಡಿಮೆ ಇರುವ ದೀಪಗಳಲ್ಲಿ ಕೆಂಪಿನ ಅಂಶ ಸೊರಗಿರುತ್ತದೆ. ಚೆರ್ರಿ ಬಾರ್ಬ್ ಕಂದಾಗುವುದು ಇದರಿಂದಲೇ. ಪ್ಯಾನೆಲ್ ಒಂದು ಸೇರಿಸಿದರೆ ಬೆಳಕು ಎರಡು ಪಟ್ಟೋ ನಾಲ್ಕು ಪಟ್ಟೋ ಆದೀತು. ಹದಿನಾರಕ್ಕೆ ಮುಟ್ಟುವುದು ಕಷ್ಟ. ಅಷ್ಟು ಪ್ರಖರ ಬೆಳಕು ಒಮ್ಮೆಲೇ ಹತ್ತಿದರೆ ಮೀನು ಮೂಲೆ ಸೇರುತ್ತದೆ. ಹಾಗಾಗಿ ವಿಡಿಯೋ ಮುಖ್ಯ ಅನ್ನುವವರಿಗೆ ಪ್ಯಾನೆಲ್, ಉಳಿದವರಿಗೆ ಬೇಡ.

ಮೂರನೆಯದು ಫ್ಲಾಶ್. ಬರೀ ಸ್ಥಿರಚಿತ್ರ ಬೇಕು ಅನ್ನುವವರಿಗೆ ನನ್ನ ಆಯ್ಕೆ ಇದೇ. ಫ್ಲಾಶ್‌ನಲ್ಲಿ ಈಜು ನಿಲ್ಲಿಸುವುದು ಶಟರ್ ಅಲ್ಲ, ಫ್ಲಾಶ್ ಬೆಳಗುವ ಕ್ಷಣ. ಸಾಧಾರಣ ಸ್ಪೀಡ್‌ಲೈಟ್ (ಕ್ಯಾಮೆರಾದಿಂದ ಬೇರೆಯಾಗಿ ಸಿಗುವ ಚಿಕ್ಕ ಫ್ಲಾಶ್) ಅನ್ನು 1/16 ಪವರ್‌ಗೆ ಇಳಿಸಿದರೆ ಅದು ಬೆಳಗುವುದು ಸೆಕೆಂಡಿನ ಕೆಲವು ಸಾವಿರದ ಒಂದು ಭಾಗದಷ್ಟು ಹೊತ್ತು ಮಾತ್ರ. ಅಷ್ಟರಲ್ಲಿ ಡೇನಿಯೋ ಕೂಡ ಕದಲಿದಂತೆ ಕಾಣುವುದಿಲ್ಲ. ಎಫ್/8, 1/200, ಐಎಸ್‌ಒ 200 ಇಟ್ಟರೆ ತೊಟ್ಟಿಯ ದೀಪದ ಪಾಲು ಲೆಕ್ಕಕ್ಕೇ ಬರುವುದಿಲ್ಲ. ಚಿತ್ರವೆಲ್ಲ ಫ್ಲಾಶಿನದೇ. ಅದರ ಬಣ್ಣ ಹಗಲಿಗೆ ಹತ್ತಿರ, ಸುಮಾರು 5500 ಕೆಲ್ವಿನ್. ಎಲ್‌ಇಡಿ ಮಿಣುಕಿದರೂ ಚಿಂತೆಯಿಲ್ಲ.

ಆದರೆ ಫ್ಲಾಶ್ ಕ್ಯಾಮೆರಾದ ತಲೆ ಮೇಲಿದ್ದರೆ ಇದೆಲ್ಲ ವ್ಯರ್ಥ. ಗಾಜಿಗೆ ಬಡಿದು ನೇರ ವಾಪಸ್ ಬರುತ್ತದೆ. ನೀರಿನಲ್ಲಿ ತೇಲುವ ಪ್ರತಿ ಕಣವೂ ಬಿಳಿ ಚುಕ್ಕೆಯಾಗುತ್ತದೆ. ರಿಂಗ್ ಫ್ಲಾಶ್ ಇನ್ನೂ ಕೆಟ್ಟದ್ದು, ಗಾಜಿನಲ್ಲಿ ಬಳೆಯನ್ನೇ ಮೂಡಿಸುತ್ತದೆ. ಫ್ಲಾಶ್ ತೊಟ್ಟಿಯ ಮೇಲೆ, ಕೆಳಮುಖವಾಗಿ, ಮುಂದಿನ ಗಾಜಿನ ಹತ್ತಿರ ಇರಬೇಕು. ಮಧ್ಯೆ ಬೆಳಕನ್ನು ಹರಡಿ ಮೃದುವಾಗಿಸುವ ಒಂದು ಡಿಫ್ಯೂಸರ್ ಬೇಕು, ಹಾಲುಬಿಳಿ ಪ್ಲಾಸ್ಟಿಕ್ ಹಾಳೆಯಾದರೂ ನಡೆಯುತ್ತದೆ. ಕ್ಯಾಮೆರಾದಿಂದ ಅದನ್ನು ಹಾರಿಸಲು ರೇಡಿಯೋ ಟ್ರಿಗರ್ ಸಾಕು.

ಮೇಲಿನಿಂದಲೇ ಯಾಕೆ? ಎಷ್ಟೋ ಮೀನುಗಳ ಬೆನ್ನು ಗಾಢ, ಹೊಟ್ಟೆ ತಿಳಿ. ಸೂರ್ಯನ ಬೆಳಕು ಮೇಲಿನಿಂದ ಬೀಳುವಾಗ ನೆರಳು ಬೆಳಕು ಸರಿದೂಗಿ, ಬೇಟೆಯಾಡುವವರ ಕಣ್ಣಿಗೆ ಮೈ ಎದ್ದು ಕಾಣದಿರಲಿ ಅನ್ನುವ ಏರ್ಪಾಡು ಅದು. ಎದುರಿನಿಂದ ಬೆಳಕು ಹಾಕಿದರೆ ಹೊಟ್ಟೆ ಸುಟ್ಟಂತೆ ಬೆಳ್ಳಗಾಗುತ್ತದೆ, ಬೆನ್ನಿನ ವಿವರ ಹೋಗುತ್ತದೆ. ನಿಯಾನ್ ಟೆಟ್ರಾದ ನೀಲಿ ಪಟ್ಟೆಯನ್ನು ಹತ್ತಿರದಿಂದ ಗಮನಿಸಿ. ಅಲ್ಲಿ ನೀಲಿ ಬಣ್ಣದ ಕಣವೇ ಇಲ್ಲ. ಚರ್ಮದೊಳಗಿನ ತೆಳು ಹರಳುಗಳ ಪದರಗಳು ಬೆಳಕನ್ನು ಹಿಂದಿರುಗಿಸುವುದರಿಂದ ಹಾಗೆ ಕಾಣುತ್ತದೆ. ಕೋನ ಬದಲಾದರೆ ಅದೇ ಪಟ್ಟೆ ಹಸಿರು ಛಾಯೆಯಿಂದ ಕಡುನೀಲಿಗೆ ಜಾರುತ್ತದೆ. ಅದರ ಕೆಳಗಿನ ಕೆಂಪು ನಿಜವಾದ ಬಣ್ಣದ್ದು, ಹಾಗೆ ಆಟ ಆಡುವುದಿಲ್ಲ. ಹಾಗಾಗಿ ಫ್ಲಾಶ್ ಒಂದು ಗೇಣು ಹಿಂದೆ ಮುಂದೆ ಸರಿಸಿದರೆ ಕೆಂಪು ಹಾಗೇ ಇದ್ದು ನೀಲಿ ಮಾತ್ರ ಬೇರೆಯಾಗಿ ಬರುತ್ತದೆ. ಇಂಥ ವ್ಯತ್ಯಾಸವನ್ನು ಯಾವ ದುಬಾರಿ ಕ್ಯಾಮೆರಾವೂ ಕೊಡುವುದಿಲ್ಲ.

ಮೇಲಿನ ಬೆಳಕಿಗೂ ಒಂದು ಕೊರತೆ ಇದೆ. ತಳದಲ್ಲಿ ಕಪ್ಪು ಮಣ್ಣಿದ್ದರೆ ಹೊಟ್ಟೆಯ ಕೆಳಗೆ ಕತ್ತಲು. ತಿಳಿ ಬಣ್ಣದ ಮರಳಿದ್ದರೆ ಅದೇ ಬೆಳಕನ್ನು ಮೇಲಕ್ಕೆ ಎಸೆಯುತ್ತದೆ. ಕಪ್ಪು ತಳದವರಿಗೆ ಎರಡನೇ ಚಿಕ್ಕ ಫ್ಲಾಶ್ ಬೇಕಾಗಬಹುದು, ಪಕ್ಕದಿಂದ 45 ಡಿಗ್ರಿ ಕೋನದಲ್ಲಿ, ಕಡಿಮೆ ಪವರ್‌ನಲ್ಲಿ. ಮೇಲ್ಭಾಗ ಪ್ಲಾಸ್ಟಿಕ್ ಮುಚ್ಚಳದಿಂದ ಪೂರ್ತಿ ಮುಚ್ಚಿದ ತೊಟ್ಟಿಯಾದರೆ ಎರಡೂ ಬದಿಯ 45 ಡಿಗ್ರಿಯೇ ಗತಿ.

ಫ್ಲಾಶ್ ಬ್ಯಾಟರಿಯದೇ ಇರಲಿ. ಗೋಡೆಯ ಪ್ಲಗ್ಗಿಗೆ ಹಾಕುವ ಸ್ಟುಡಿಯೋ ಲೈಟನ್ನು ನೀರಿನ ಮೇಲೆ ತೂಗುಹಾಕುವುದು ಬೇಡವೇ ಬೇಡ. ಮೀನಿಗೆ ರೆಪ್ಪೆ ಇಲ್ಲ, ಕಣ್ಣು ಮುಚ್ಚಿಕೊಳ್ಳುವ ದಾರಿಯಿಲ್ಲ. ಕತ್ತಲ ತೊಟ್ಟಿಗೆ ಫ್ಲಾಶ್ ಹಾರಿಸಬೇಡಿ. ತೊಟ್ಟಿಯ ದೀಪ ಹತ್ತಿ ಸ್ವಲ್ಪ ಹೊತ್ತಾಗಿರಲಿ. ಮೀನು ಬಣ್ಣ ಕಳೆದುಕೊಂಡು ಗಿಡದ ಹಿಂದೆ ಸೇರಿದರೆ ಅವತ್ತಿಗೆ ನಿಲ್ಲಿಸಿ. ಹೇಗೂ ಆ ಫೋಟೋ ಚೆನ್ನಾಗಿ ಬರುವುದಿಲ್ಲ.

ಇನ್ನು ನೀಲಿ ದೀಪದ ಉಪ್ಪುನೀರಿನವರು. ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಸರಿಪಡಿಸುವ ವೈಟ್ ಬ್ಯಾಲೆನ್ಸ್ ಎಷ್ಟೋ ಕ್ಯಾಮೆರಾಗಳಲ್ಲಿ 10000 ಕೆಲ್ವಿನ್‌ಗೇ ನಿಲ್ಲುತ್ತದೆ. ಅದಕ್ಕಿಂತ ನೀಲಿಯಾದರೆ ಚಿತ್ರದಲ್ಲಿ ಕೆಂಪಿನ ಮಾಹಿತಿಯೇ ಇರುವುದಿಲ್ಲ, ಆಮೇಲೆ ಕಂಪ್ಯೂಟರಿನಲ್ಲಿ ತರುವುದಾದರೂ ಎಲ್ಲಿಂದ? ಹವಳದ ಹೊಳಪು ಬೇಕಿದ್ದರೆ ನೀಲಿ ದೀಪವೇ ಇರಲಿ, ಲೆನ್ಸಿನ ಮುಂದೆ ಕಿತ್ತಳೆ ಫಿಲ್ಟರ್ ಇಡಿ. ಫೋನಿಗೂ ಇದು ಅಗ್ಗದಲ್ಲಿ ಸಿಗುತ್ತದೆ. ಮೀನಿನ ನಿಜ ಬಣ್ಣ ಬೇಕಿದ್ದರೆ ಫ್ಲಾಶ್, ಅಥವಾ ಆ ಹೊತ್ತಿಗೆ ದೀಪವನ್ನು ಬಿಳಿಗೆ ತಿರುಗಿಸಿ. ಫ್ಲಾಶ್ ಹಾರಿದರೆ ಹವಳದ ಹೊಳಪು ಅಳಿಸಿಹೋಗುತ್ತದೆ. ಎರಡೂ ಒಂದೇ ಚಿತ್ರದಲ್ಲಿ ಸಿಗುವುದು ಕಷ್ಟ.

ಕ್ಯಾಮೆರಾಗಳ ಸರದಿ

ಫೋನಿಂದಲೇ ಶುರುಮಾಡೋಣ. ಚಿಕ್ಕ ಸೆನ್ಸರ್ ಇರುವುದರಿಂದ ಮೀನಿನ ಮೈಯೆಲ್ಲ ಫೋಕಸ್‌ನಲ್ಲಿ ಸಿಗುತ್ತದೆ, ಇದು ಲಾಭ. ಅದೇ ಕಾರಣಕ್ಕೆ ಮಬ್ಬು ಬೆಳಕಿನಲ್ಲಿ ಬೇಗ ಸೋಲುತ್ತದೆ. ಈಚಿನ ದೊಡ್ಡ ಫೋನುಗಳ ಮುಖ್ಯ ಲೆನ್ಸ್ ತೀರಾ ಹತ್ತಿರ ಫೋಕಸ್ ಮಾಡುವುದಿಲ್ಲ. ಹಾಗಾಗಿ ಮೀನು ಹತ್ತಿರ ಬಂದ ತಕ್ಷಣ ಫೋನು ಕೇಳದೆಯೇ ಅಲ್ಟ್ರಾವೈಡ್ ಲೆನ್ಸಿಗೆ ಹಾರುತ್ತದೆ. ಆ ಮ್ಯಾಕ್ರೋ ಸ್ವಿಚ್ ಆಫ್ ಮಾಡಿ, ಸ್ವಲ್ಪ ಹಿಂದೆ ಸರಿದು 2 ಪಟ್ಟು ಜೂಮ್ ಬಳಸಿ. ಪ್ರೊ ಮೋಡ್‌ನಲ್ಲಿ ಶಟರ್ ಕನಿಷ್ಠ 1/125ಕ್ಕೆ ಕಟ್ಟಿಹಾಕಿ. ಫೋನಿನ ಸ್ವಂತ ಫ್ಲಾಶ್ ಮಾತ್ರ ಬೇಡ. ಹೊರಗಿನ ಫ್ಲಾಶ್ ಫೋನಿಗೆ ಹೊಂದುವುದು ಕಷ್ಟ. ಆದ್ದರಿಂದ ಫೋನಿನವರ ಖರ್ಚು ಒಳ್ಳೆಯ ತೊಟ್ಟಿದೀಪದ ಮೇಲೆ ಆಗಲಿ. ಅದು ಗಿಡಕ್ಕೂ ಆಯಿತು.

ಫೋನಿಗೂ ದೊಡ್ಡ ಕ್ಯಾಮೆರಾಕ್ಕೂ ನಡುವಿನ ಕಾಂಪ್ಯಾಕ್ಟ್‌ಗಳಲ್ಲಿ ಇವತ್ತು ಈ ಕೆಲಸಕ್ಕೆ ಹೆಸರು ಹೇಳಬಹುದಾದ್ದು ಒಲಿಂಪಸ್ ಟಿಜಿ ಸರಣಿ. ಈಗ ಓಎಂ ಸಿಸ್ಟಂ ಹೆಸರಿನಲ್ಲಿ ಬರುತ್ತಿದೆ. ಲೆನ್ಸಿನಿಂದ 1 ಸೆಂ.ಮೀ. ದೂರದವರೆಗೂ ಫೋಕಸ್ ಆಗುತ್ತದೆ, ನೀರಿಗೂ ಇಳಿಸಬಹುದು. ಗಾಜಿಗೆ ಅಂಟಿಕೊಂಡ ಪ್ಲೆಕೋ, ಸೀಗಡಿ, ಮೊಟ್ಟೆ ಇಂಥವಕ್ಕೆ ಚೆನ್ನ. ಆದರೆ ಸೆನ್ಸರ್ ಫೋನಿನಷ್ಟೇ ಚಿಕ್ಕದು. ಈಜುವ ಮೀನಿಗೆಂದೇ ಕೊಳ್ಳುವುದಾದರೆ ನಾನು ಹೂಂ ಅನ್ನುವುದಿಲ್ಲ.

ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ನನಗೆ ಇಷ್ಟವಾದ ಲೆಕ್ಕಾಚಾರ. ಎಲ್ಲರೂ ಕನ್ನಡಿಯಿಲ್ಲದ ಮಿರರ್‌ಲೆಸ್ ಕಡೆ ಓಡುತ್ತಿರುವುದರಿಂದ ಹಳೆ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಮತ್ತು ಮ್ಯಾಕ್ರೋ ಲೆನ್ಸ್ ಅಗ್ಗಕ್ಕೆ ಸಿಗುತ್ತವೆ. ಫ್ಲಾಶ್ ಇದ್ದಾಗ ಐಎಸ್‌ಒ 200ರಲ್ಲೇ ಕೆಲಸವಾದ್ದರಿಂದ ಹತ್ತು ವರ್ಷ ಹಳೆಯ ಸೆನ್ಸರ್ ಕೂಡ ಸೊಗಸಾದ ಚಿತ್ರ ಕೊಡುತ್ತದೆ. ಎರಡು ಕಡೆ ಹುಷಾರಾಗಿರಿ. ಕ್ಯಾನನ್‌ನ 250ಡಿ, 4000ಡಿ ಥರದ ಕೆಲವು ಬಾಡಿಗಳ ಹಾಟ್ ಶೂನಲ್ಲಿ (ತಲೆ ಮೇಲೆ ಫ್ಲಾಶ್ ಕೂರಿಸುವ ಜಾಗ) ನಡುವಿನ ಪಿನ್ ಇಲ್ಲ. ಬೇರೆ ಕಂಪನಿಯ ಸಾದಾ ಟ್ರಿಗರ್ ಅದರಲ್ಲಿ ಕೆಲಸ ಮಾಡುವುದಿಲ್ಲ. ನಿಕಾನ್‌ನ ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ತನ್ನದೇ ಮೋಟಾರ್ ಇಲ್ಲದ ಹಳೆ ಎಎಫ್-ಡಿ ಲೆನ್ಸ್ ಹಾಕಿದರೆ ಕೈಯಿಂದಲೇ ಫೋಕಸ್ ಮಾಡಬೇಕು.

ಮಿರರ್‌ಲೆಸ್‌ನ ಗೆಲುವು ಇರುವುದು ಫೋಕಸ್ ಹಿಂಬಾಲಿಸುವುದರಲ್ಲಿ ಮತ್ತು ವಿಡಿಯೋದಲ್ಲಿ. ಪ್ರಾಣಿಗಳ ಕಣ್ಣು ಗುರುತಿಸುವ ಸೌಲಭ್ಯ ಮೀನಿಗೂ ಆಗುತ್ತದೆ ಅಂತ ನೆಚ್ಚಬೇಡಿ, ಅದನ್ನು ತಯಾರಿಸಿರುವುದು ಮುಖ್ಯವಾಗಿ ನಾಯಿ, ಬೆಕ್ಕು, ಹಕ್ಕಿಗೆ. ಒಂದೇ ಫೋಕಸ್ ಬಿಂದು ಆರಿಸಿ ಕಣ್ಣಿನ ಮೇಲೆ ಹಿಡಿಯುವ ಹಳೆ ಪದ್ಧತಿಯೇ ನಂಬಿಕಸ್ತ. ಫ್ಲಾಶ್ ಜೊತೆ ಬಳಸುವಾಗ ಮೆಕ್ಯಾನಿಕಲ್ ಶಟರ್ ಇಡಿ. ಹೆಚ್ಚಿನ ಕ್ಯಾಮೆರಾಗಳಲ್ಲಿ ಎಲೆಕ್ಟ್ರಾನಿಕ್ ಶಟರ್ ಇದ್ದರೆ ಫ್ಲಾಶ್ ಹಾರುವುದೇ ಇಲ್ಲ. ಫ್ಲಾಶ್ ಸೆಟ್ಟಿಂಗ್‌ನಲ್ಲಿ ವ್ಯೂಫೈಂಡರ್ ಕತ್ತಲಾದರೆ ಕ್ಯಾಮೆರಾ ಕೆಟ್ಟಿಲ್ಲ, ಮೆನುವಿನಲ್ಲಿ ಎಕ್ಸ್‌ಪೋಷರ್ ಪ್ರಿವ್ಯೂ ಆಫ್ ಮಾಡಿ.

ಸೆನ್ಸರ್ ದೊಡ್ಡದಾದಷ್ಟೂ ಒಳ್ಳೆಯದು ಅನ್ನುವ ಮಾತು ಇಲ್ಲಿ ಅಷ್ಟು ಸಲೀಸಾಗಿ ನಡೆಯುವುದಿಲ್ಲ. ಆ 3 ಸೆಂ.ಮೀ. ನಿಯಾನ್ ಎಪಿಎಸ್-ಸಿಗಿಂತ ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್‌ನಲ್ಲಿ ಅದೇ ಅಳತೆಗೆ ತುಂಬಬೇಕಾದರೆ ಲೆನ್ಸ್ 0.8 ಪಟ್ಟು ಮೂಡಿಸಬೇಕು. ಎಪಿಎಸ್-ಸಿಗಿಂತ ಚಿಕ್ಕದಾದ ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 0.4ಕ್ಕೂ ಕಡಿಮೆ ಸಾಕು. ಫುಲ್ ಫ್ರೇಮ್‌ನಲ್ಲಿ ಅರ್ಧ ಗಾತ್ರಕ್ಕೆ, ಎಫ್/8ರಲ್ಲಿ ತೆಗೆದರೂ ಫೋಕಸ್‌ನಲ್ಲಿ ಉಳಿಯುವ ಆಳ ಸುಮಾರು 3 ಮಿ.ಮೀ., ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ದಪ್ಪ. ಮೀನು ಸ್ವಲ್ಪ ಓರೆಯಾದರೂ ಬಾಲ ಮಸುಕು. ಚಿಕ್ಕ ಮೀನು ಸಾಕುವವರಿಗೆ ಎಪಿಎಸ್-ಸಿ ಅಥವಾ ಮೈಕ್ರೋ ಫೋರ್ ಥರ್ಡ್ಸ್ ಹೆಚ್ಚು ಅನುಕೂಲ, ಖರ್ಚೂ ಕಡಿಮೆ. ಫ್ಲಾಶ್ ಹಾರಿಸಲು ಬಿಡದ ದೊಡ್ಡ ಸಾರ್ವಜನಿಕ ಅಕ್ವೇರಿಯಂಗಳಲ್ಲಿ ಕತ್ತಲೆಯಲ್ಲಿ ತೆಗೆಯುವವರಿಗೆ ಮಾತ್ರ ಫುಲ್ ಫ್ರೇಮ್ ತನ್ನ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ.

ಲೆನ್ಸಿನ ವಿಷಯ

40ರಿಂದ 60 ಮಿ.ಮೀ. ಮ್ಯಾಕ್ರೋ ಹಗುರ, ಅಗ್ಗ. ಆದರೆ ಮೀನು ಗಾಜಿನ ಹತ್ತಿರ ಬಂದಾಗ ಮಾತ್ರ ಉಪಯೋಗ. 90, 100, 105 ಮಿ.ಮೀ. ಲೆನ್ಸ್ ತೊಟ್ಟಿಯ ನಡುವಿನ ಮೀನನ್ನೂ ಹಿಡಿಯುತ್ತದೆ. ಆಳ ಒಂದು ಅಡಿಗಿಂತ ಕಡಿಮೆ ಇರುವ ನ್ಯಾನೋ ತೊಟ್ಟಿಗೆ 60, ದೊಡ್ಡದಕ್ಕೆ 100 ಅಂತ ಇಟ್ಟುಕೊಳ್ಳಿ. ಬಜೆಟ್ ಸಾಲದಿದ್ದರೆ ಎಕ್ಸ್‌ಟೆನ್ಷನ್ ಟ್ಯೂಬ್ ಇದೆ. ಒಳಗೆ ಗಾಜಿಲ್ಲದ ಬರೀ ಕೊಳವೆ, ಇರುವ ಲೆನ್ಸನ್ನೇ ಹತ್ತಿರಕ್ಕೆ ಫೋಕಸ್ ಮಾಡಿಸುತ್ತದೆ. ಅದು ಹಾಕಿದ ಮೇಲೆ ದೂರದ್ದು ಫೋಕಸ್ ಆಗುವುದಿಲ್ಲ. ತೊಟ್ಟಿಯ ಮುಂದೆ ಕೂತವರಿಗೆ ದೂರದ್ದು ಯಾಕೆ ಬೇಕು?

ಪ್ರತಿಬಿಂಬ ತೆಗೆಯಲೆಂದು ಲೆನ್ಸಿಗೆ ಹಾಕುವ ಪೋಲರೈಸರ್ ಫಿಲ್ಟರ್ ಕೊಳ್ಳಬೇಡಿ. ಗಾಜಿಗೆ ನೇರವಾಗಿ ನಿಂತಾಗ ಅದು ಪ್ರತಿಬಿಂಬ ತೆಗೆಯುವುದಿಲ್ಲ. ಓರೆಯಾಗಿ ನಿಂತಾಗ ತೆಗೆಯುತ್ತದೆ, ಆದರೆ ಓರೆಯಾಗಿ ನಿಂತರೆ ಗಾಜು ಮತ್ತು ನೀರು ಸೇರಿ ಅಂಚುಗಳಿಗೆ ಬಣ್ಣ ಹಚ್ಚಿ ಮೀನನ್ನೇ ಮಸುಕು ಮಾಡುತ್ತವೆ. ಮೇಲಾಗಿ ಒಂದೂವರೆ ಸ್ಟಾಪ್, ಅಂದರೆ ಅರ್ಧಕ್ಕಿಂತ ಜಾಸ್ತಿ ಬೆಳಕನ್ನು ನುಂಗುತ್ತದೆ. ಅದರ ಬದಲು ಲೆನ್ಸಿನ ತುದಿಗೆ ಹಾಕುವ, ಮಡಚುವ ರಬ್ಬರ್ ಹುಡ್ ತಗೊಂಡು ಗಾಜಿಗೆ ಒತ್ತಿ ಹಿಡಿಯಿರಿ. ಪ್ರತಿಬಿಂಬ ಪೂರ್ತಿ ಮಾಯ. ಈ ಇಡೀ ಪಟ್ಟಿಯಲ್ಲಿ ಕೊಟ್ಟ ಬೆಲೆಗೆ ಅತಿ ಹೆಚ್ಚು ಕೆಲಸ ಮಾಡುವ ವಸ್ತು ಇದು. ಫೋನಿಗಾದರೆ ಕಪ್ಪು ಫೋಮ್ ಕತ್ತರಿಸಿ ಲೆನ್ಸ್ ಸುತ್ತ ಅಂಟಿಸಬಹುದು.

ಯಾರಿಗೆ ಯಾವ ಜೋಡಿ

ಖರ್ಚು ಮಾಡುವ ಮನಸ್ಸಿಲ್ಲ, ಫೋನ್ ಪರದೆಗೆ ಸಾಕು ಅನ್ನುವವರು ಇರುವ ಫೋನು, ಸಿಆರ್‌ಐ 90 ದಾಟಿದ ತೊಟ್ಟಿದೀಪ, ಕಪ್ಪು ಫೋಮ್ ಇಷ್ಟರಲ್ಲೇ ನಿಲ್ಲಿ. ಕೋಣೆಯ ದೀಪ ಆರಿಸಿ ತೆಗೆಯಿರಿ.

ಮನೆಯಲ್ಲಿ ಹಳೆ ಕ್ಯಾಮೆರಾ ಕಿಟ್ ಲೆನ್ಸ್ ಸಮೇತ ಬಿದ್ದಿದ್ದರೆ ಹೊಸದು ಬೇಡ. ಮ್ಯಾನ್ಯುಯಲ್ ಫ್ಲಾಶ್ ಒಂದು, ಟ್ರಿಗರ್ ಒಂದು, ರಬ್ಬರ್ ಹುಡ್ ಒಂದು. ಬೆಟ್ಟಾ, ಏಂಜೆಲ್, ಸಿಕ್ಲಿಡ್‌ಗಳಿಗೆ ಇದು ಧಾರಾಳ. ಟೆಟ್ರಾ, ರಾಸ್ಬೋರಾ ಇದ್ದರೆ ಟ್ಯೂಬ್ ಸೇರಿಸಿ, ಆಮೇಲೆ ಬೇಕೆನಿಸಿದರೆ ಮ್ಯಾಕ್ರೋ.

ಮೀನು ಸಾಕಿ ಮಾರುವವರಿಗೆ ಬಣ್ಣ ಪ್ರತಿ ಸಲವೂ ಒಂದೇ ಥರ ಬರುವುದು ಮುಖ್ಯ. ಇಲ್ಲಿ ಫ್ಲಾಶ್ ಬಿಟ್ಟರೆ ದಾರಿಯಿಲ್ಲ. ಎಪಿಎಸ್-ಸಿ ಬಾಡಿ, 60 ಮಿ.ಮೀ. ಮ್ಯಾಕ್ರೋ, ಫೋಟೋ ತೆಗೆಯುವಾಗ ಮೀನು ಬಿಡಲು ಒಂದು ಚಿಕ್ಕ ತೆಳು ತೊಟ್ಟಿ. ಅದರ ನೀರು ಮೀನಿನ ಮೂಲ ತೊಟ್ಟಿಯದೇ ಆಗಿರಲಿ. ವಿಡಿಯೋ ಮಾಡುವವರು ಫ್ಲಾಶ್ ಬಿಟ್ಟು ಮಿರರ್‌ಲೆಸ್ ಮತ್ತು ಮಿಣುಕದ ದೀಪದ ಕಡೆ ಹೋಗಬೇಕು.

ಹಳೆ ಮ್ಯಾಕ್ರೋ ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ಅತಿ ಹತ್ತಿರದ ಫೋಕಸ್‌ಗೆ ತಿರುಗಿಸಿ ಎಫ್/11ರಲ್ಲಿ ಬಿಳಿ ಕಾಗದದ ಮೇಲೆ ಅಚ್ಚಾದ ಸಣ್ಣ ಅಕ್ಷರ ತೆಗೆಯಿರಿ. ನಾಲ್ಕೂ ಮೂಲೆ ಒಂದೇ ಸಮ ಚೂಪಾಗಿ ಬರಬೇಕು. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಒಳಗೆ ನೋಡಿ. ಒಂದೆರಡು ಧೂಳಿನ ಕಣ ಪರವಾಗಿಲ್ಲ. ಜೇಡರ ಬಲೆಯಂತೆ ಎಳೆ ಕಂಡರೆ ಅದು ಫಂಗಸ್, ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.